ಬೀದಿಯಿಂದ ನೋಡಿದರೆ ಗೋಡೆ ನೆಟ್ಟಗಿತ್ತು

2001ರ ಜನವರಿ 26ರ ಭೂಕಂಪ ಆಗಿ ಮೂರು ವಾರಕ್ಕೆ ನಾನು ಗುಜರಾತಿನ ಭುಜ್‌ಗೆ ಹೋದೆ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎರಡೇ ವರ್ಷ ಆಗಿತ್ತು. ಕೆಲಸ ಕೇಳೋಕೆ ಸುಲಭ: ಮನೆ ಮನೆಗೂ ಜಿ1ರಿಂದ ಜಿ5ರವರೆಗೆ ಹಾನಿಯ ಒಂದು ದರ್ಜೆ ಬರೆಯಬೇಕು. ಗಿಲಾವಿನಲ್ಲಿ ಕೂದಲೆಳೆ ಬಿರುಕಿದ್ದರೆ ಜಿ1, ಪೂರ್ತಿ ಕುಸಿದಿದ್ದರೆ ಜಿ5. ಅವೆರಡರಲ್ಲಿ ಜಗಳವಿಲ್ಲ. ತಲೆನೋವೆಲ್ಲ ನಡುವಿನದ್ದು. ಪರಿಹಾರದ ಹಣ ನಿಲ್ಲೋದೇ ಆ ಅಂಕಿಯ ಮೇಲೆ ಅಲ್ವಾ?

ಮೊದಲ ಎರಡು ದಿನ ಬೀದಿಯಲ್ಲೇ ನಿಂತು ಬರೆದೆ. ಹಳೆ ಪೇಟೆಯ ಇಕ್ಕಟ್ಟು ಓಣಿ, ಕಾಲಿಡಲು ಜಾಗವಿಲ್ಲದಷ್ಟು ಕಲ್ಲು. ಭೂಮಿ ಇನ್ನೂ ಆಗಾಗ ನಡುಗುತ್ತಿತ್ತು. ಒಳಗೆ ಹೋಗಲು ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಮನೆಗೆ ಜಿ2 ಬರೆದು ಹೊರಟಾಗ ಅಲ್ಲಿನ ಅಜ್ಜಿ ಕರೆದರು: 'ದೀಕರಾ, ಅಂದರ್ ತೋ ಆವ್.' ಮಗಾ, ಒಳಗಾದರೂ ಬಾ.

ಹೊರಗೆ ಸಿಮೆಂಟ್ ಗಿಲಾವು, ಗೋಡೆ ನೆಟ್ಟಗಿತ್ತು. ಒಳಗೆ ಅದೇ ಗೋಡೆ ಹೊಟ್ಟೆ ಬಿಟ್ಟಿತ್ತು. ಮೇಲಿಂದ ತೂಗುಗುಂಡು ಇಳಿಬಿಟ್ಟರೆ ದಾರ ನಡುವಿನ ಉಬ್ಬಿಗೆ ತಾಗಿ ಬಾಗಿತು. ಬಡಿದರೆ ಟೊಳ್ಳು ಸದ್ದು. ಕಚ್‌ನ ಹಳೆ ಮನೆಗಳ ಗೋಡೆ ಹೀಗೇ: ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಮಣ್ಣು, ಚಕ್ಕೆಕಲ್ಲು. ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಇಲ್ಲದಿದ್ದರೆ ಅಲುಗಾಟಕ್ಕೆ ಸಾಲುಗಳು ಬೇರೆಯಾಗುತ್ತವೆ. ಅಜ್ಜಿ ಆ ಗೋಡೆಯ ಪಕ್ಕದಲ್ಲೇ ಒಲೆ ಹಚ್ಚುತ್ತಿದ್ದರು. ಜಿ2 ಹೊಡೆದುಹಾಕಿ ಜಿ4 ಬರೆದೆ, ಒಲೆಯನ್ನು ಅಂಗಳಕ್ಕೆ ಎತ್ತಿಟ್ಟೆ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಹೊರಗೆ ಕಂಡ ಬಿರುಕು ಒಳಗೂ ಅದೇ ಜಾಗದಲ್ಲಿ ಇದೆಯಾ? ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡಿವೆಯಾ? ತೊಲೆ ಕೂತ ಜಾಗ ಜಾರಿದೆಯಾ? ಕಾಂಕ್ರೀಟ್ ಕಟ್ಟಡವಾದರೆ ಇಟ್ಟಿಗೆ ಗೋಡೆ ಬಿರಿದಿದ್ದಕ್ಕೆ ಜಾಸ್ತಿ ಗಾಬರಿಯಾಗುತ್ತಿರಲಿಲ್ಲ. ಅಲ್ಲಿ ಭಾರ ಹೊರೋದು ಕಂಬ. ಮೊದಲು ಕೆಳಗಿನ ಪಾರ್ಕಿಂಗ್‌ಗೆ ಹೋಗಿ ಕಂಬದ ಬುಡ, ತಲೆ ನೋಡುತ್ತಿದ್ದೆ. ಅಲ್ಲಿ ಕಾಂಕ್ರೀಟ್ ಉದುರಿ ಕಬ್ಬಿಣ ಬಾಗಿದ್ದರೆ ಮೇಲಿನ ಮಹಡಿಗೆ ಹತ್ತುತ್ತಲೇ ಇರಲಿಲ್ಲ.

ಮೊದಲ ಎರಡು ದಿನದ ಪಟ್ಟಿ ಹಿಡಿದು ಮತ್ತೆ ಅದೇ ಓಣಿಗಳಿಗೆ ಹೋದೆ. ಹಲವು ಮನೆಗಳ ದರ್ಜೆ ಏರಿತು. ಒಂದು ಇಳಿಯಿತು. ಆ ಮನೆಯ ಹೆಂಚೆಲ್ಲ ಕೆಳಗೆ ರಾಶಿ ಬಿದ್ದಿತ್ತು, ನಮ್ಮ ಮಂಗಳೂರು ಹೆಂಚಿನದೇ ಮಾದರಿ. ಅದನ್ನು ನೋಡಿ ಸುಮ್ನೆ ಜಿ4 ಹಾಕಿದ್ದೆ. ಗೋಡೆಗಳಿಗೆ ಏನೂ ಆಗಿರಲಿಲ್ಲ. ಜಿ2 ಅಂತ ತಿದ್ದಿ ಮನೆಯ ಯಜಮಾನರಿಗೆ ತೋರಿಸಿದೆ. ಅವರು ಫಾರ್ಮ್ ಓದಿದರು, ನನ್ನ ಮುಖ ನೋಡಿದರು. ಸಹಿ ಹಾಕಲಿಲ್ಲ.