ಸ್ಕೈರಿಮ್ ಅಪ್‌ಡೇಟ್ ತಡೆದಿದ್ದು ಹೀಗೆ

2023ರ ಡಿಸೆಂಬರ್‌ನಲ್ಲಿ ಸ್ಕೈರಿಮ್ ಕಂಪ್ಯೂಟರ್ ಆಟದ 1.6.1130 ಆವೃತ್ತಿ ಬಂದಾಗ ನನ್ನದು 1.6.640, ಮೇಲೆ ಇನ್ನೂರು ಚಿಲ್ಲರೆ ಮಾಡ್‌ಗಳು (ಆಟವನ್ನು ಬದಲಿಸೋಕೆ ಆಟಗಾರರೇ ಮಾಡಿದ ಸೇರ್ಪಡೆಗಳು). ಎರಡು ವರ್ಷ ಆಡಿದ ಸೇವ್, ಕಳೆದುಕೊಳ್ಳೋಕೆ ಮನಸ್ಸಿರಲಿಲ್ಲ.

ಬಟ್ಟೆ, ಮರಗಿಡದ ಚಿತ್ರ ಬದಲಿಸೋ ಮಾಡ್‌ಗಳಿಗೆ ಅಪ್‌ಡೇಟ್‌ನಿಂದ ಅಷ್ಟೇನೂ ತೊಂದರೆಯಿಲ್ಲ. ಪೆಟ್ಟು ಬೀಳೋದು ಹಲವು ಮಾಡ್‌ಗಳಿಗೆ ಬೇಕಾದ ಸಹಾಯಕ ಪ್ರೋಗ್ರಾಂ ಎಸ್‌ಕೆಎಸ್‌ಇಗೆ: ಆಟವನ್ನು ಓಡಿಸೋ ಎಕ್ಸಿ ಫೈಲ್ ಬದಲಾದರೆ ಅದೂ ಹೊಸದಾಗಿ ಬರಬೇಕು, ಅದನ್ನೇ ನೆಚ್ಚಿಕೊಂಡ ಎಷ್ಟೋ ಡಿಎಲ್‌ಎಲ್‌ಗಳೂ (ಮಾಡ್‌ಗಳ ಕೋಡ್ ಫೈಲ್‌ಗಳು) ಅಷ್ಟೇ. ಅವು ಇರೋ ಪ್ಲಗಿನ್ ಫೋಲ್ಡರ್ ತೆರೆದು ಒಂದೊಂದನ್ನೇ ಪರಿಶೀಲಿಸಿದೆ. ಮೂರಕ್ಕೆ ಹೊಸ ಆವೃತ್ತಿಯೇ ಇರಲಿಲ್ಲ. ಅಪ್‌ಡೇಟ್ ಬೇಡ ಅಂತ ಅಲ್ಲೇ ತೀರ್ಮಾನಿಸಿದೆ.

ಆಟ ಕೊಂಡು ಓಡಿಸೋ ಆ್ಯಪ್ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಲಾಂಚ್ ಮಾಡಿದಾಗ ಮಾತ್ರ ಅಪ್‌ಡೇಟ್ ಆಗುವಂತೆ ಇಟ್ಟೆ. ಆಮೇಲೆ ಸ್ಟೀಮ್‌ನ ಪ್ಲೇ ಬಟನ್ ಮುಟ್ಟಿಲ್ಲ, ಎಸ್‌ಕೆಎಸ್‌ಇ ಲೋಡರ್‌ನಿಂದಲೇ ಶುರು ಮಾಡ್ತೀನಿ. ಆಟದ ಇಡೀ ಫೋಲ್ಡರನ್ನು ಇನ್ನೊಂದು ಡ್ರೈವ್‌ಗೂ ಕಾಪಿ ಮಾಡಿಟ್ಟೆ. ಆಟದೊಳಗಿನ ಊರು ವೈಟ್‌ರನ್‌ನ ನನ್ನ ಮನೆ ಕಪಾಟಿನ ಪುಸ್ತಕಗಳ ಸಮೇತ ಹಾಗೇ ಇದೆ.