ಅಜ್ಜನ ಕೇಪಿನ ಕೋವಿ ಮಾರಿದ್ದು

ಅಪ್ಪಯ್ಯ ತೀರಿಕೊಂಡ ಮೇಲೆ ನಮ್ಮ ಶಿರಸಿ ಮನೆಯ ಮೆತ್ತಿಯಲ್ಲಿ ಒಂದು ಕೇಪಿನ ಕೋವಿ ಉಳಿಯಿತು. ಅಜ್ಜನ ಕಾಲದ್ದು, ನಳಿಗೆಯ ಬಾಯಿಂದ ಮದ್ದು ತುಂಬಿ, ಹಿಂದೆ ಕೇಪು ಅನ್ನುವ ಸಿಡಿಯುವ ಪುಟ್ಟ ಟೋಪಿ ಕೂರಿಸಿ ಹಾರಿಸುವಂಥದ್ದು. ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲು ಅಂತ ಲೈಸೆನ್ಸ್ ಅಪ್ಪಯ್ಯನ ಹೆಸರಲ್ಲಿತ್ತು. ಹಳೇ ವಸ್ತು ಕೂಡಿಡುವ ಬೆಂಗಳೂರಿನವರೊಬ್ಬರು ಫೋಟೋ ನೋಡಿ, “ನೂರು ವರ್ಷದ್ದು ಅಲ್ವಾ? ಆಂಟಿಕ್ ಅದು, ಲೈಸೆನ್ಸ್ ಬೇಕಿಲ್ಲ. ಗೋಣಿ ಸುತ್ತಿ ಬಸ್ಸಿಗೆ ಹಾಕಿ” ಅಂದರು. ನಾನೂ ಗೋಣಿ ಹುಡುಕಲು ಹೊರಟಿದ್ದೆ.

ತಡೆದವರು ಪಕ್ಕದ ಮನೆಯ ನಿವೃತ್ತ ಪೊಲೀಸರು. “ತಮಾ, ಲೈಸೆನ್ಸ್ ಇದ್ದದ್ದು ನಿನ್ನ ಅಪ್ಪನಿಗೆ. ಈಗ ಅದನ್ನು ಮನೆಯಲ್ಲಿ ಇಟ್ಟುಕೊಂಡವನು ಯಾರು?” ಅಂದರು. ಉತ್ತರ ನನ್ನಲ್ಲಿರಲಿಲ್ಲ.

ಠಾಣೆಗೆ ಒಯ್ಯುವ ಮೊದಲು ಅವರೇ ಒಂದು ಪರೀಕ್ಷೆ ಮಾಡಿಸಿದರು. ಗಜವನ್ನು, ಅಂದರೆ ಮದ್ದು ಜಡಿಯುವ ಸರಳನ್ನು, ನಳಿಗೆಯೊಳಗೆ ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಲ್ಲಿ ಹಿಡಿದು, ಹೊರತೆಗೆದು ಕೋವಿಯ ಪಕ್ಕಕ್ಕೆ ಇಟ್ಟು ನೋಡುವುದು. ಗಜದ ತುದಿ ಕೇಪು ಕೂರುವ ಜಾಗದ ಹತ್ತಿರ ಬಂದರೆ ಒಳಗೆ ಖಾಲಿ. ಸ್ವಲ್ಪ ಈಚೆಗೇ ನಿಂತರೂ ಹಳೇ ಈಡು, ಅಂದರೆ ತುಂಬಿದ ಮದ್ದುಗುಂಡು, ಒಳಗೇ ಇದೆ ಅಂತ ಅರ್ಥ. ನಮ್ಮದು ಖಾಲಿ ಇತ್ತು. ಕೈ ಮಾತ್ರ ನಡುಗುತ್ತಿತ್ತು.

ಠಾಣೆಯಲ್ಲಿ ಒಪ್ಪಿಸಿ ರಸೀದಿ ತಗೊಂಡೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುವುದು ಇದನ್ನೇ. ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಡಬೇಕು. ಆಮೇಲೆ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿ ವಾಪಸ್ ತರಬಹುದು, ಇಲ್ಲಾ ಅಲ್ಲಿಂದಲೇ ಅರ್ಹರಿಗೆ ಮಾರಬಹುದು. ಗಡುವು ಮೀರಿದರೆ ಸರ್ಕಾರಕ್ಕೆ ಹೋಗಿಬಿಡುತ್ತದೆ. ಕೋವಿ ಹಿಡಿಯುವ ಆಸೆ ನನಗಿಲ್ಲ, ಮಾರುವುದೇ ಸೈ ಅನಿಸಿತು.

ಆಂಟಿಕ್ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. 45ನೇ ಕಲಂನಲ್ಲಿ ಹಳೇ ಮಾದರಿಯ, ಪ್ರಾಚೀನ ಬೆಲೆಯ ಆಯುಧಕ್ಕೆ ವಿನಾಯಿತಿ ಇದೆ, ನಿಜ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರದಂಥದ್ದಾಗಿರಬೇಕು. ಅಮೆರಿಕದಲ್ಲಿ 1898ರವರೆಗೆ ತಯಾರಾದ ಕೋವಿಗಳಿಗೆ ಆಂಟಿಕ್ ಅಂತ ಬೇರೆ ಲೆಕ್ಕ. ಬೆಂಗಳೂರಿನವರು ಅದನ್ನೇ ಇಲ್ಲಿಗೂ ಹಚ್ಚಿದ್ದರು. ಪೊಲೀಸ್ ಆರ್ಮರರ್, ಅಂದರೆ ಆಯುಧ ನೋಡಿಕೊಳ್ಳುವವರು ಒಬ್ಬರು, ನಮ್ಮ ಕೋವಿಯ ಕುದುರೆ (ಕೇಪಿಗೆ ಹೊಡೆಯುವ ಸುತ್ತಿಗೆ) ಎತ್ತಿ, ಕೇಪು ಕೂರುವ ಮೊಳೆಯ ತುಕ್ಕು ಕೆರೆದು, ನಳಿಗೆಯ ಬಾಯಿಂದ ಜೋರಾಗಿ ಊದಿದರು. ನನ್ನ ಬೆರಳು ಮೊಳೆಯ ಹತ್ತಿರ ಇತ್ತು. ತಣ್ಣಗೆ ಗಾಳಿ ತಾಗಿತು. “ಹಾದಿ ತೆರೆದೇ ಇದೆ. ಕೇಪು, ಮದ್ದು ಹಾಕಿದರೆ ಹಾರುತ್ತದೆ” ಅಂದರು. ವಿನಾಯಿತಿಯ ಕಥೆ ಅಲ್ಲಿಗೇ ಮುಗಿಯಿತು.

ಬೆಂಗಳೂರಿನವರಿಗೆ ಫೋನ್ ಮಾಡಿ ಲೈಸೆನ್ಸ್ ಕೇಳಿದೆ. ಇದೆ, ಆದರೆ ಅದರಲ್ಲಿ ಆಗಲೇ ಎರಡು ಕೋವಿ ದಾಖಲಾಗಿದ್ದವು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ. ಮೊದಲು ಮೂರಿತ್ತು. ಹಾಗಾದರೆ ಹೊರದೇಶದ ಸ್ನೇಹಿತರಿಗೆ ಕಳಿಸಿಕೊಡುತ್ತೇನೆ ಅಂದರು! ನೂರು ವರ್ಷ ದಾಟಿದ್ದಾದರೆ 1972ರ ಪುರಾತನ ವಸ್ತು ಕಾಯ್ದೆ ಅಡ್ಡ ಬರುತ್ತದೆ, ಖಾಸಗಿಯವರು ಅಂಥದ್ದನ್ನು ದೇಶದಾಚೆ ಕಳಿಸುವಂತಿಲ್ಲ. ಅಷ್ಟು ಹೇಳಿ ಫೋನ್ ಇಟ್ಟೆ.

ಕೊನೆಗೆ ತಗೊಂಡವನು ಯಲ್ಲಾಪುರದ ಭಾವ. ಅವನ ಲೈಸೆನ್ಸಿನಲ್ಲಿ ಒಂದೇ ಕೋವಿ ಇತ್ತು. ಎರಡನೆಯದನ್ನು ಸೇರಿಸಲು ಅವನು ಕಾರವಾರದ ಡಿಸಿ ಕಚೇರಿಗೆ ಅರ್ಜಿ ಹಾಕಿದ. ಯಾರಿಗೆ ಮಾರುತ್ತೇನೆ ಅಂತ ನಾನೂ ಹೆಸರು, ವಿಳಾಸ ಬರೆದುಕೊಟ್ಟೆ. ಹಾಗೆ ತಿಳಿಸಿ 45 ದಿನ ಕಳೆಯದೆ ಕೋವಿ ಕೈ ಬದಲಾಗುವಂತಿಲ್ಲ. ಕಾರವಾರಕ್ಕೆ ಅಂತ ದೇವಿಮನೆ ಘಟ್ಟ ಇಳಿದು ಹತ್ತಿದ್ದೇ ಎರಡು ಸಲ. ಒಮ್ಮೆ ಹೋದದ್ದು ಸುಮ್ನೆ ದಂಡ: ವಾರಸುದಾರರ ಒಪ್ಪಿಗೆ ಪತ್ರದಲ್ಲಿ ತಂಗಿಯ ಸಹಿ ಹಾಕಿಸಲು ನಾನೇ ಮರೆತಿದ್ದೆ.

ಬಸ್ಸು, ಕೊರಿಯರ್ ಯಾವುದೂ ಬೇಕಾಗಲಿಲ್ಲ. ಭಾವ ಲೈಸೆನ್ಸ್ ಪುಸ್ತಕ ಹಿಡಿದು ಠಾಣೆಗೇ ಬಂದ. ಕೋವಿಯ ವಿವರ ಅದರಲ್ಲಿ ಹತ್ತಿತ್ತು. ಸಹಿ ಮಾಡಿ, ಕವರಿಗೆ ಹಾಕಿ, ತನ್ನ ಜೀಪಿನಲ್ಲೇ ಒಯ್ದ. ಅಜ್ಜನ ಮದ್ದಿನ ಕೊಂಬನ್ನೂ ಕೇಳಿದ್ದ. ಅದು ಖಾಲಿಯೇ ಇತ್ತು, ಅದನ್ನು ಮಾತ್ರ ಕೊಡಲಿಲ್ಲ.