ದುರ್ಗ, ದಾವಣಗೆರೆ ಕಡೆಯಿಂದ ಬಂದವರು ಬೌದ್ಧ ವಿಹಾರಕ್ಕೆ ಹೋಗುವ ಮುನ್ನ

ಹೊರದೇಶಕ್ಕೆ ಬಂದ ಮೇಲೆ ಬುದ್ಧನ ಕಡೆ ಮನಸ್ಸು ವಾಲಿದವರು ಸಾಮಾನ್ಯವಾಗಿ ನಾಲ್ಕು ಪುಸ್ತಕ ತರಿಸುತ್ತಾರೆ, ಒಂದಷ್ಟು ವಿಡಿಯೊ ನೋಡುತ್ತಾರೆ, ಆರು ತಿಂಗಳಿಗೆ ಕೈಬಿಡುತ್ತಾರೆ. ಇದು ಈಗಿನ ಕಾಯಿಲೆಯೇನಲ್ಲ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿರುವುದೂ ಇದನ್ನೇ: ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷ ದಾಟಿತು, ಅದರಲ್ಲಿ ಒಂದು ವರ್ಷ ಹೆಚ್ಚು ಶ್ರಮ ಪಡಲಿಲ್ಲ, ಬೌದ್ಧ ಸನ್ಯಾಸಿಗಳ ಸಂಘದ ಹತ್ತಿರ ಹೋದ ಮೇಲೆ ಚೆನ್ನಾಗಿ ಶ್ರಮಿಸಿದೆ ಅಂತ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ ಅದು. ಹಾಗಾಗಿ ಯಾವ ಪಂಥ ಹೆಚ್ಚು ಅಂತ ತಲೆ ಕೆಡಿಸಿಕೊಳ್ಳುವ ಮೊದಲು, ವಾರಕ್ಕೊಮ್ಮೆ ತಪ್ಪದೆ ಹೋಗಿಬರಲು ಆಗುವ ಜಾಗ ಯಾವುದು ಅಂತ ನೋಡಿ. ಮುಕ್ಕಾಲು ಗಂಟೆಗಿಂತ ದೂರವಿದ್ದರೆ ಚಳಿಗಾಲದಲ್ಲಿ ನೀವು ಹೋಗುವುದಿಲ್ಲ.

ಗೋಪುರ, ಕಮಾನು ಹುಡುಕಬೇಡಿ. ಶ್ರೀಲಂಕಾದವರ, ಬರ್ಮಾದವರ, ಥಾಯ್ ಜನರ ಎಷ್ಟೋ ವಿಹಾರಗಳು ಹೊರಗಿನಿಂದ ಮಾಮೂಲಿ ಮನೆಯ ಹಾಗೇ ಇರುತ್ತವೆ. ಹೋಗುವ ಮೊದಲು ಫೋನ್ ಮಾಡಿ. ಭಿಕ್ಖುಗಳು, ಅಂದರೆ ಬೌದ್ಧ ಸನ್ಯಾಸಿಗಳು, ಮಧ್ಯಾಹ್ನ ಮೀರಿದ ಮೇಲೆ ಊಟ ಮಾಡುವುದಿಲ್ಲ, ಅದಕ್ಕೇ 11ರಿಂದ 12ರವರೆಗೆ ಫೋನ್ ಬೇಡ. ಹೊಸಬರಿಗೆ ಧ್ಯಾನ ಯಾವ ದಿನ, ಯಾವ ಭಾಷೆಯಲ್ಲಿ ಅಂತ ಕೇಳಿ. ಭಾನುವಾರದ ಪೂಜೆ ಬಹುಪಾಲು ಅವರವರ ಭಾಷೆಯಲ್ಲಿ ನಡೆಯುತ್ತದೆ. ಇಂಗ್ಲಿಷಿನ ಧ್ಯಾನ ವಾರದ ನಡುವೆ ಯಾವುದಾದರೂ ಸಂಜೆ ಇರುವುದುಂಟು. ಇದು ಗೊತ್ತಿಲ್ಲದೆ ಭಾನುವಾರ ಹೋಗಿ, ಏನೂ ಅರ್ಥವಾಗದೆ ವಾಪಸ್ ಬಂದು, ಮತ್ತೆ ಆ ಕಡೆ ತಲೆ ಹಾಕದವರೇ ಜಾಸ್ತಿ.

ಒಳಗೆ ಹೋದಾಗ ಚಪ್ಪಲಿ ಹೊರಗೆ ಬಿಡುವುದು ನಮಗೆ ಹೇಳಿಕೊಡಬೇಕಿಲ್ಲ. ತಪ್ಪಾಗುವುದು ಕಾಲಿನ ವಿಷಯದಲ್ಲಿ: ಬುದ್ಧನ ಕಡೆಗೋ ಭಿಕ್ಖುವಿನ ಕಡೆಗೋ ಕಾಲು ಚಾಚಬಾರದು, ಜೋಮು ಹಿಡಿದರೆ ಪಕ್ಕಕ್ಕೆ ಮಡಚಿ. ಶ್ರೀಲಂಕಾದ ವಿಹಾರಕ್ಕೆ ಹುಣ್ಣಿಮೆಯ ದಿನ ಬಿಳಿ ಬಟ್ಟೆ ಒಳ್ಳೆಯದು. ಥಾಯ್ ಪದ್ಧತಿಯಲ್ಲಿ ಹೆಂಗಸರು ಭಿಕ್ಖುವಿನ ಕೈಗೆ ನೇರವಾಗಿ ಏನನ್ನೂ ಕೊಡುವುದಿಲ್ಲ. ಭಿಕ್ಖು ಹಾಸಿದ ಬಟ್ಟೆಯ ಮೇಲೆ ಇಡಬೇಕು. ಬುದ್ಧನಿಗೆ ನಮಸ್ಕಾರ ಹೇಳುವ ‘ನಮೋ ತಸ್ಸ’ ಮೂರು ಸಲ, ಆಮೇಲೆ ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೇಳುವ ತಿಸರಣ, ಐದು ನಿಯಮಗಳ ಪಂಚಶೀಲ. ಇಷ್ಟು ಬಾಯಿಪಾಠ ಮಾಡಿಕೊಂಡರೆ ಯಾವ ಥೇರವಾದ (ಶ್ರೀಲಂಕಾ, ಬರ್ಮಾ, ಥಾಯ್ ಜನರ ಪಂಥ) ವಿಹಾರದಲ್ಲೂ ದನಿಗೂಡಿಸಬಹುದು, ಉಚ್ಚಾರಣೆ ಮಾತ್ರ ದೇಶಕ್ಕೊಂದು ಥರ.

ಅಡುಗೆ ಒಯ್ಯುವುದಾದರೆ 10.30ರೊಳಗೆ ಮುಟ್ಟಿಸಿ. ಎಂಟು ಹತ್ತು ಜನಕ್ಕಾಗುವಷ್ಟು ಒಂದೇ ಪದಾರ್ಥ ಸಾಕು: ಚಿತ್ರಾನ್ನ, ಇಲ್ಲವೇ ಖಾರ ಕಮ್ಮಿಯ ಪಲ್ಯ. ಬೆಣ್ಣೆದೋಸೆಯ ಆಸೆ ಬಿಡಿ, ತಲುಪುವಷ್ಟರಲ್ಲಿ ಚರ್ಮದ ಹಾಗಾಗಿರುತ್ತದೆ. ಮಠದ ದಾಸೋಹ ಕಂಡವರಿಗೆ ಇದೆಲ್ಲ ಒಗ್ಗುತ್ತದೆ, ಆದರೆ ಇಲ್ಲಿ ಗಡಿಯಾರ ಬಲು ಕಟ್ಟುನಿಟ್ಟು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ: ಬೌದ್ಧರೆಲ್ಲ ಸಸ್ಯಾಹಾರಿಗಳಲ್ಲ. ಥಾಯ್, ಸಿಂಹಳ, ಟಿಬೆಟನ್ ಊಟದಲ್ಲಿ ಮೀನು, ಮಾಂಸ ಇರಬಹುದು, ಕೇಳಿ ಬಡಿಸಿಕೊಳ್ಳಿ. ಚೀನೀ ಮಹಾಯಾನ ಪಂಥದ ವಿಹಾರಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಮನೆಯಲ್ಲಿ ಕೂರುವ ಅಭ್ಯಾಸ ಹದಿನೈದು ನಿಮಿಷದಿಂದ ಶುರುವಾಗಲಿ. ಮೊಣಕಾಲಿಗಿಂತ ಸೊಂಟ ಎತ್ತರದಲ್ಲಿರಬೇಕು. ಚಳ್ಳಕೆರೆಯ ಕಂಬಳಿ ತಂದಿದ್ದರೆ ನಾಲ್ಕೈದು ಇಂಚು ದಪ್ಪಕ್ಕೆ ಮಡಚಿ ಅದರ ಅಂಚಿನ ಮೇಲೆ ಕೂರಿ, ಚುಚ್ಚಿದರೆ ಮೇಲೊಂದು ಪಂಚೆ. ಪೂರ್ತಿ ನೆಲಕ್ಕೇ ಕೂತರೆ ಬೆನ್ನು ಗೂನಾಗುತ್ತದೆ, ಹತ್ತು ನಿಮಿಷಕ್ಕೆ ನಿದ್ದೆ. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ, ತಪ್ಪಿದರೆ ಮತ್ತೆ ಒಂದು. ಜೆನ್ (ಜಪಾನಿನ ಧ್ಯಾನಪಂಥ) ಕೇಂದ್ರದಲ್ಲಿ ಒಂದು ಕೂರಿಕೆ 25ರಿಂದ 40 ನಿಮಿಷ. ಎರಡು ತಿಂಗಳ ಮನೆಯ ಅಭ್ಯಾಸವಿದ್ದರೆ ಮಂಡಿ ಬೈಯುವುದಿಲ್ಲ. ಕುರ್ಚಿ ಕೇಳಲು ನಾಚಿಕೆ ಬೇಡ.

ಧ್ಯಾನಗುರು ಎಸ್.ಎನ್. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಸ್ಸನಾ ಧ್ಯಾನ ಶಿಬಿರಕ್ಕೆ ಬರುವ ಹೋಗುವ ದಿನ ಸೇರಿ ಹನ್ನೆರಡು ದಿನ ರಜೆ ಬೇಕು. ಶುಲ್ಕವಿಲ್ಲ, ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲೇ ನಡೆಯುತ್ತದೆ. ನಾಲ್ಕು ಗಂಟೆಗೆ ಏಳಬೇಕು, ಮಾತಿಲ್ಲ, ಮೊಬೈಲಿಲ್ಲ, ಸಂಜೆ ಹೊಸಬರಿಗೆ ಚಹಾ ಮತ್ತು ಹಣ್ಣು ಅಷ್ಟೇ. ಮನೆಯಲ್ಲಿ ಅರ್ಧ ಗಂಟೆಯೂ ಕೂರದವರು ನೇರ ಇಲ್ಲಿಗೆ ನುಗ್ಗಬೇಡಿ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ಶಿಬಿರಕ್ಕೋಸ್ಕರ ಮಾತ್ರೆ ನಿಲ್ಲಿಸಲೂ ಬೇಡಿ.

‘ಕೊರಳಿನ ಲಿಂಗ ತೆಗೆಯಬೇಕಾ?’ ನಮ್ಮ ಕಡೆಯವರು ಪಿಸುದನಿಯಲ್ಲಿ ಕೇಳುವ ಪ್ರಶ್ನೆ ಇದು. ಧ್ಯಾನಕ್ಕೆ, ಪೂಜೆಗೆ ಹೋಗಿಬರಲು ನೀವು ಧರ್ಮ ಬಿಡಬೇಕಿಲ್ಲ. ವಿಪಸ್ಸನಾ ಶಿಬಿರದಲ್ಲಿ ಮಾತ್ರ ಆ ಹತ್ತು ದಿನ ಜಪ, ಪೂಜೆ ನಿಲ್ಲಿಸಲು ಹೇಳುತ್ತಾರೆ. ದೀಕ್ಷೆಯ ಮಾತು ಬೇರೆ: 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರ್ ತಮ್ಮ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲನೆಯದೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ಒಪ್ಪುವುದಿಲ್ಲ ಎಂಬುದು. ಅದನ್ನು ಶಾಸ್ತ್ರಕ್ಕೆ ಹೇಳಿ ಮುಗಿಸಬಾರದು. ಟಿಬೆಟನ್ ಅಭಿಷೇಕವೂ (ಗುರು ಕೊಡುವ ಮಂತ್ರದೀಕ್ಷೆ) ಹಾಗೇ, ದಿನನಿತ್ಯದ ಜಪದ ಹೊಣೆ ಜೊತೆಗೆ ಬರಬಹುದು; ಎಷ್ಟು ಹೊತ್ತಿನದು ಅಂತ ಮೊದಲೇ ಕೇಳಿ.

ಗುಟ್ಟು ಕಾಪಾಡು ಎನ್ನುವ, ಮನೆಯವರಿಂದ ದೂರವಿರು ಎನ್ನುವ, ಮೆಟ್ಟಿಲು ಮೆಟ್ಟಿಲಿಗೆ ದುಡ್ಡು ಏರಿಸುವ ಗುರುವಿದ್ದರೆ ಎದ್ದು ಬನ್ನಿ. ಅಂಥದ್ದೇನೂ ಇಲ್ಲದಿದ್ದರೆ, ಬೇಸರವಾದರೂ, ಒಂದೇ ಜಾಗಕ್ಕೆ ಮೂರು ತಿಂಗಳು ಹೋಗಿ. ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನೂ ನೋಡಿ ಬನ್ನಿ. ಬ್ರಹ್ಮಗಿರಿಗೆ ಹೋಗುವುದಾದರೆ ಬೆಳಿಗ್ಗೆಯೇ ಹೊರಡಿ, ಮಧ್ಯಾಹ್ನ ಬಂಡೆ ಕೆಂಡವಾಗಿರುತ್ತದೆ, ನೀರು ಒಯ್ಯಿರಿ.